ಗಾಲಿಮನೆಯ ಬಚ್ಚಲು

ಮನೆಯ ವಿಚಾರವಾಗಿ ಬರೆಯುವವರು ದೇವರಮನೆಯನ್ನು ಕುರಿತು ಬರೆಯುತ್ತಾರೆ. ಅಡುಗೆಮನೆಯನ್ನು ಕುರಿತಂತೂ ತಿಂಗಳು ತಿಂಗಳೂ ಬರೆಯುತ್ತಾರೆ. ಪಡಸಾಲೆ, ಜಗಲಿ, ಹಿತ್ತಲುಗಳಿಗೂ ಒಂದೊಂದು ಲೇಖನ ದೊರೆತಿದೆ. ಬಚ್ಚಲನ್ನು ಮಾತ್ರ ಯಾರೂ ಮುಟ್ಟುವುದಿಲ್ಲ. ಎಪ್ಪತ್ತು ವರ್ಷ ತುಂಬುವವರೆಗೆ ನಾನೂ ಮುಟ್ಟಿದವನಲ್ಲ. ಬಚ್ಚಲೆಂದರೆ ನೀರು ಸುರಿದುಕೊಳ್ಳುವ ಸ್ಥಳ. ಸುರಿದ ನೀರು ತೂಬಿನಲ್ಲಿ ಇಳಿದು ಹೋಗುವುದು. ಎಲ್ಲಿಗೆ ಹೋಗುವುದೆಂಬುದು ನನ್ನ ಚಿಂತೆಯಲ್ಲ. ಈ ನೆಮ್ಮದಿಗೆ ಭಂಗ ಬಂದುದು 2023ನೆಯ ಇಸವಿಯ ಜೂನ್ ತಿಂಗಳಲ್ಲಿ, ಇಂಗ್ಲೆಂಡಿನ ವಾಯವ್ಯ ಭಾಗದ ಕೆಸಿಕ್ ಎಂಬ ಊರಿನ ಬಳಿ.

ನನ್ನ ಮಗಳೂ ಅಳಿಯಂದಿರೂ ಮ್ಯಾಂಚೆಸ್ಟರಿನಲ್ಲಿದ್ದಾರೆ. ನಾವು ಮುದುಕರಿಬ್ಬರೂ ಎರಡು ತಿಂಗಳು ಅವರೊಡನೆ ಇರಲೆಂದು ಹೋಗಿದ್ದೆವು. ಮೂವತ್ತು ವರ್ಷ ಹಾಸನ ಜಿಲ್ಲೆಯ ಹೈಸ್ಕೂಲುಗಳಲ್ಲಿ ಇಂಗ್ಲಿಷು ಪಾಠ ಹೇಳಿ, ಡ್ಯಾಫೊಡಿಲ್ ಹೂವನ್ನು ಒಮ್ಮೆಯೂ ಕಾಣದೆ ಅದನ್ನು ಮಕ್ಕಳಿಗೆ ವರ್ಣಿಸಿದವನು ನಾನು. ವರ್ಡ್ಸ್‌ವರ್ತ್ ಕವಿಯ ಸರೋವರಗಳ ನಾಡನ್ನು ನನಗೆ ತೋರಿಸಬೇಕೆಂದು ಮಗಳಿಗೆ ಆಸೆ. ಹೋಟೆಲಿನಲ್ಲಿ ಇಳಿದರೆ ನನ್ನಾಕೆಗೆ ಊಟವಿಲ್ಲ. ಆದುದರಿಂದ ಅಳಿಯಂದಿರು ಏಳು ದಿನಗಳ ಮಟ್ಟಿಗೆ ಒಂದು ಮೋಟಾರುಮನೆಯನ್ನು ಬಾಡಿಗೆಗೆ ತಂದರು.

ಇದನ್ನು ಕಾಣದ ವಾಚಕರಿಗಾಗಿ ಎರಡು ಮಾತು ಹೇಳಬೇಕು. ಹೊರಗಿನಿಂದ ನೋಡಿದರೆ ಅದು ನಮ್ಮ ಕಡೆಯ ಮಿನಿ ಬಸ್ಸಿನಷ್ಟಿದೆ. ಒಳಗೆ ಗ್ಯಾಸಿನ ಒಲೆ, ಪಾತ್ರೆ ತೊಳೆಯುವ ಸಿಂಕು, ಫ್ರಿಜ್ಜು, ಹಗಲಿನಲ್ಲಿ ಊಟದ ಮೇಜಾಗಿ ರಾತ್ರಿ ಮಂಚವಾಗುವ ಹಲಗೆ, ಬೀರುವಿನಷ್ಟೇ ಅಗಲದ ಒಂದು ಸ್ನಾನದ ಗೂಡು, ಅದರೊಳಗೇ ಕಮೋಡು, ಎಲ್ಲವೂ ಉಂಟು. ನೆಲದ ಕೆಳಗೆ ಕಣ್ಣಿಗೆ ಬೀಳದಂತೆ ಮೂರು ಪಾತ್ರೆಗಳಿವೆ. ನಮ್ಮ ಗಾಡಿಯಲ್ಲಿ ಒಳ್ಳೆಯ ನೀರಿನ ತೊಟ್ಟಿಗೆ 110 ಲೀಟರು ಹಿಡಿಯುತ್ತಿತ್ತು. ಸಿಂಕಿನಿಂದಲೂ ಸ್ನಾನದಿಂದಲೂ ಇಳಿದ ನೀರು ಸೇರುವ ಕೊಳೆನೀರಿನ ತೊಟ್ಟಿಗೆ 90 ಲೀಟರು. ಕಮೋಡಿನ ಕೆಳಗಿನದು ಬೇರೆ. ಅದು 18 ಲೀಟರಿನ ಒಂದು ಪೆಟ್ಟಿಗೆ, ಕ್ಯಾಸೆಟ್ಟು ಎನ್ನುತ್ತಾರೆ. ಗಾಡಿಯ ಹೊರಗೋಡೆಯಲ್ಲಿರುವ ಸಣ್ಣ ಬಾಗಿಲನ್ನು ತೆರೆದು ಅದನ್ನು ಈಚೆಗೆ ಎಳೆಯಬಹುದು. ನಮ್ಮ ದೇಶದಲ್ಲಿ ನಗರವಾಸಿಯೊಬ್ಬನಿಗೆ ದಿನಕ್ಕೆ 135 ಲೀಟರು ನೀರು ಬೇಕೆಂದು ನೀರು ಸರಬರಾಜಿನವರು ಲೆಕ್ಕವಿಟ್ಟಿದ್ದಾರೆ. ಇಲ್ಲಿ ಐದು ಜನಕ್ಕೆ ಸೇರಿ 110!

ಮೋಜಿಗಾಗಿ ಹೀಗೆ ಮನೆಯನ್ನು ಗಾಲಿಯ ಮೇಲೆ ಒಯ್ಯುವ ಹವ್ಯಾಸವನ್ನು ಆ ದೇಶದಲ್ಲಿ ಪ್ರಸಿದ್ಧಿಗೆ ತಂದವರು ಗಾರ್ಡನ್ ಸ್ಟೇಬಲ್ಸ್ ಎಂಬ ನೌಕಾಪಡೆಯ ನಿವೃತ್ತ ವೈದ್ಯರು. 1885ರಲ್ಲಿ ಬ್ರಿಸ್ಟಲಿನಲ್ಲಿ ಕಟ್ಟಿಸಿದ ಕುದುರೆಯ ಗಾಡಿಯೊಂದರಲ್ಲಿ ಅವರು ಸ್ಕಾಟ್ಲೆಂಡಿನ ಇನ್ವರ್ನೆಸ್ಸಿನವರೆಗೆ ಹೋಗಿ, ಮರುವರ್ಷ ಆ ಪ್ರಯಾಣದ ಪುಸ್ತಕವನ್ನು ಅಚ್ಚುಹಾಕಿಸಿದರು. ಅವರೊಡನೆ ಕುದುರೆಗಳನ್ನು ನೋಡಿಕೊಳ್ಳಲು ಒಬ್ಬ ಸಾರಥಿಯೂ, ಮೂರು ಗಾಲಿಯ ಸೈಕಲ್ಲಿನಲ್ಲಿ ಮುಂದೆ ಮುಂದೆ ಹೋಗುತ್ತಿದ್ದ ಒಬ್ಬ ಪರಿಚಾರಕನೂ ಇದ್ದರು. ನಮ್ಮೊಡನೆ ಅಂಥವರು ಯಾರೂ ಇರಲಿಲ್ಲ. ಈ ವ್ಯತ್ಯಾಸ ನನಗೆ ಮೂರು ದಿನಗಳ ಮೇಲೆ ಅರಿವಾಯಿತು.

ನಾವು ಬೀಡುಬಿಟ್ಟ ಬಯಲು ಡರ್ವೆಂಟ್‌ವಾಟರ್ ಎಂಬ ಸರೋವರಕ್ಕೆ ಸಮೀಪವಾಗಿತ್ತು. ಉತ್ತರಕ್ಕೆ ಸ್ಕಿಡ್ಡಾ ಬೆಟ್ಟ. ಸುತ್ತಲೂ ಗಾರೆಯಿಲ್ಲದೆ ಕಲ್ಲು ಪೇರಿಸಿದ ಗೋಡೆಗಳು. ಗೋಡೆಯಾಚೆ ಬೂದುಬಣ್ಣದ ಕುರಿಗಳು. ಈ ಜಾತಿಯ ಕುರಿಗಳ ಮರಿಗಳು ಹುಟ್ಟುವಾಗ ಕಪ್ಪಾಗಿದ್ದು, ಬೆಳೆಯುತ್ತ ಬೂದಾಗುವುವಂತೆ. ಬಯಲಿನಲ್ಲಿ ಒಂದೊಂದು ಗಾಡಿಗೂ ಅಂಕಿ ಹಾಕಿದ ಒಂದೊಂದು ಸ್ಥಳ, ಪಕ್ಕದಲ್ಲಿ ವಿದ್ಯುತ್ತಿನ ಕಂಬ. ಎಲ್ಲರಿಗೂ ಸಾಮಾನ್ಯವಾದ ಸ್ನಾನಗೃಹ, ಶೌಚಗೃಹಗಳೂ ಇದ್ದವು. ಆದರೆ ನನ್ನಾಕೆ ಸ್ನಾನವಾಗದೆ ಒಲೆ ಹಚ್ಚುವವಳಲ್ಲ. ಸ್ನಾನ ಮಾಡಿ ಪರರ ನಡುವೆ ನಡೆದು ಬರುವವಳೂ ಅಲ್ಲ. ನಾನಾದರೋ ರಾತ್ರಿ ಎರಡು ಸಲ ಏಳುವವನು. ಆ ಚಳಿಮಳೆಯಲ್ಲಿ ಕೊಡೆ ಹಿಡಿದು ಬಯಲು ದಾಟುವ ಶಕ್ತಿ ನನಗಿಲ್ಲ. ಹೀಗಾಗಿ ಗಾಡಿಯ ಬಚ್ಚಲನ್ನೂ ಕಮೋಡನ್ನೂ ಹೆಚ್ಚಾಗಿ ಬಳಸಿದವರು ನಾವಿಬ್ಬರೇ. ಇದನ್ನು ವಾಚಕರು ನೆನಪಿನಲ್ಲಿಡಬೇಕು.

ಮೊದಲನೆಯ ದಿನ ಮಗಳು ತಾಯಿಗೆ, “ಅಮ್ಮ, ಸಿಂಕಿಗೆ ಮುಸುರೆ ಚೆಲ್ಲಬೇಡ, ತಟ್ಟೆಯನ್ನು ಕಾಗದದಲ್ಲಿ ಒರಸಿ ಆಮೇಲೆ ತೊಳೆ,” ಎಂದು ಹೇಳಿದ್ದಳು. ಐವತ್ತು ವರ್ಷ ಅಡುಗೆಮನೆ ಆಳಿದವರಿಗೆ ಇಂಥ ಬುದ್ಧಿವಾದ ರುಚಿಸುವುದೇ? ಅನ್ನ ಬಸಿದ ಗಂಜಿ, ಸಾರಿನ ಪಾತ್ರೆಯ ಗಸಿ, ಮಜ್ಜಿಗೆಯ ಪಾತ್ರೆ ತೊಳೆದ ನೀರು ಎಲ್ಲವೂ ನಮ್ಮ ಮನೆಯಲ್ಲಿ ಹೋಗುವಂತೆಯೇ ಸಿಂಕಿನಲ್ಲಿ ಇಳಿದುಹೋದವು. ಮೂರನೆಯ ದಿನ ಬೆಳಗ್ಗೆ ಗಾಡಿಯೊಳಗೆ ಒಂದು ವಾಸನೆ ಎದ್ದಿತು. ದೋಸೆಯ ಹಿಟ್ಟು ಮಿತಿಮೀರಿ ಹುಳಿ ಬಂದಂತೆ ಅದರ ಆರಂಭ. ಆಮೇಲೆ ಅದು ಹೋದ ದಾರಿಯನ್ನು ವರ್ಣಿಸಲಾರೆ. “ಕುರಿಗಳ ವಾಸನೆ,” ಎಂದಳು ನನ್ನಾಕೆ. ನಾನು ಒಪ್ಪಿಕೊಂಡು ಸ್ನಾನಕ್ಕೆ ನಿಂತೆನು.

ತಲೆಗೆ ಸೋಪು ಹಚ್ಚಿ ಕಣ್ಣು ಮುಚ್ಚಿದ್ದಾಗ ಕಾಲಿಗೆ ತಣ್ಣಗೆ ಏನೋ ಸೋಕಿತು. ನೀರು ಇಳಿಯುವುದರ ಬದಲು ಏರುತ್ತಿತ್ತು. ಕಣ್ಣು ತೆರೆದು ನೋಡುತ್ತೇನೆ: ಪಾದದ ಸುತ್ತ ಬೂದು ನೀರು, ಅದರ ಮೇಲೆ ನಾಲ್ಕು ಕರಿಬೇವಿನ ಎಲೆ, ಒಂದಿಷ್ಟು ಸಾಸಿವೆ, ಹಿಂದಿನ ರಾತ್ರಿಯ ಸಾರಿನ ಒಗ್ಗರಣೆ! ನಾನು ಕೂಗಿಕೊಂಡೆನು. “ತಾತ ಸಾರಿನಲ್ಲಿ ನಿಂತಿದ್ದಾರೆ!” ಎಂದು ಎಂಟು ವರ್ಷದ ಮೊಮ್ಮಗಳು ಹೊರಗೆಲ್ಲ ಸಾರಿದಳು.

ಅಳಿಯಂದಿರು ಕಾರಣವನ್ನು ತಿಳಿಸಿದರು. ಕೊಳೆನೀರಿನ ತೊಟ್ಟಿ ತುಂಬಿದೆ. ತುಂಬಿದ ಮೇಲೆ ಬಂದ ನೀರಿಗೆ ದಾರಿಯಿಲ್ಲ. ಎಲ್ಲ ತೂಬುಗಳಲ್ಲಿ ಅತಿ ತಗ್ಗಿನದು ಸ್ನಾನದ ಗೂಡಿನದಾದುದರಿಂದ ಅಲ್ಲಿಯೇ ಉಕ್ಕುತ್ತದೆ. ವಾಸನೆ ಕುರಿಗಳದಲ್ಲ, ಗಂಜಿಯೂ ಜಿಡ್ಡೂ ಮುಚ್ಚಿದ ತೊಟ್ಟಿಯಲ್ಲಿ ಮೂರು ದಿನ ಕೊಳೆತದ್ದು. “ಸುಲಭದ ಮಾತು,” ಎಂದೆನು ನಾನು, “ಬಿರಡೆ ತೆಗೆದು ಹುಲ್ಲಿನ ಮೇಲೆ ಬಿಟ್ಟುಬಿಡಿ. ನಮ್ಮ ತಾಯಿಯವರ ಕಾಲದಲ್ಲಿ ಬಚ್ಚಲ ನೀರಿನಿಂದಲೇ ಹಿತ್ತಲಿನ ಬಾಳೆಯೂ ಕೆಸುವೂ ಬೆಳೆಯುತ್ತಿದ್ದವು.”

“ನಿಮ್ಮ ಹಿತ್ತಲಿಗೆ ಒಂದೇ ಮನೆಯ ನೀರು, ಮಾವ,” ಎಂದರು ಅವರು. “ಇಲ್ಲಿ ವಾರ ವಾರವೂ ಹೊಸ ಗಾಡಿ ಬಂದು ಇದೇ ಹುಲ್ಲಿನ ಮೇಲೆ ನಿಲ್ಲುತ್ತದೆ. ಎಲ್ಲರೂ ಸೋಪಿನ ನೀರು, ಜಿಡ್ಡು ಬಿಟ್ಟರೆ ನಾಳೆ ಬರುವ ಮಕ್ಕಳು ಇದರ ಮೇಲೆ ಆಡಬೇಡವೇ? ಆ ತೊರೆ ನೋಡಿ, ಅದು ನೇರವಾಗಿ ಸರೋವರಕ್ಕೆ ಹೋಗುತ್ತದೆ.” ನನ್ನಲ್ಲಿ ಉತ್ತರವಿರಲಿಲ್ಲ.

ಆ ಬಯಲಿನ ಒಂದು ಮೂಲೆಯಲ್ಲಿ ಕಬ್ಬಿಣದ ಜಾಲರಿ ಹಾಸಿದ ಮೋರಿಯಿದೆ. ಗಾಡಿಯನ್ನು ಅದರ ಮೇಲಕ್ಕೆ ನಡೆಸಿ, ತೊಟ್ಟಿಯ ಕೊಳವೆ ಜಾಲರಿಗೆ ಸರಿಯಾಗಿ ಬರುವಂತೆ ನಿಲ್ಲಿಸಿ, ಕೆಳಗಿನ ಹಿಡಿಯನ್ನು ತಿರುಗಿಸಿದರೆ ಕೆಲವು ನಿಮಿಷಗಳಲ್ಲಿ ತೊಟ್ಟಿ ಬರಿದಾಗುವುದು. ಆ ನೀರು ಒಳಚರಂಡಿಗೆ ಸೇರುತ್ತದೆ. ಆದರೆ ನಾವು ಗಾಡಿಯ ಪಕ್ಕಕ್ಕೆ ಗುಡಾರದ ಚಪ್ಪರ ಕಟ್ಟಿ, ವಿದ್ಯುತ್ತಿನ ತಂತಿ ಸಿಕ್ಕಿಸಿ ಸಂಸಾರ ಹರಡಿದ್ದೆವು. ಅದನ್ನೆಲ್ಲ ಬಿಚ್ಚಲು ಅರ್ಧ ದಿನ ಬೇಕು. ಅಳಿಯಂದಿರು ಒಂದು ಬಕೆಟ್ಟನ್ನು ಕೊಳವೆಯ ಕೆಳಗಿಟ್ಟು, ತುಂಬಿದೊಡನೆ ಹಿಡಿಯನ್ನು ಮುಚ್ಚಿ, ಹೊತ್ತುಕೊಂಡು ಹೋಗಿ ಜಾಲರಿಗೆ ಸುರಿದು ಬಂದರು. ಹತ್ತು ಹತ್ತು ಲೀಟರಿನಂತೆ ಒಂಬತ್ತು ಸಲ. ಕೊನೆಗೆ ಬಿಸಿನೀರಿನಲ್ಲಿ ವಾಷಿಂಗ್ ಸೋಡ ಕದಡಿ ಸಿಂಕಿಗೆ ಹೊಯ್ದು, ಅದನ್ನೂ ತೆಗೆದು ಚೆಲ್ಲಿದರು. ಅಂದಿನಿಂದ ನನ್ನಾಕೆ ಸಿಂಕಿನ ಬಾಯಿಗೆ ಚಹದ ಸೋಸಣಿಗೆಯನ್ನಿಟ್ಟಳು. ಗಂಜಿ ಬಸಿಯುವುದನ್ನು ಬಿಟ್ಟು ನೀರನ್ನು ಅಳತೆ ಮಾಡಿ ಅನ್ನವಿಟ್ಟಳು. ಕರಿದ ಎಣ್ಣೆಯನ್ನು ಸೀಸೆಗೆ ತುಂಬಿದಳು. ಹೇಳಿಸಿಕೊಂಡು ಮಾಡದವಳು ಕಂಡು ಮಾಡಿದಳು.

ಅನಂತರ ಅಳಿಯಂದಿರು ಗೋಡೆಯ ಸಣ್ಣ ಬಾಗಿಲನ್ನು ತೆರೆದು ಆ ಇನ್ನೊಂದು ಪೆಟ್ಟಿಗೆಯನ್ನು ಹೊರಗೆ ಎಳೆದರು. ಅದು ತುಂಬಿತ್ತು. ನಾನು ಗಾಡಿಯ ಮೆಟ್ಟಿಲ ಮೇಲೆ ಕಾಫಿಯ ಲೋಟ ಹಿಡಿದು ಕುಳಿತಿದ್ದೆನು.

ಹನ್ನೆರಡು ವರ್ಷಗಳ ಹಿಂದೆ ಹಾಸನದ ಒಂದು ಛತ್ರದಲ್ಲಿ ನಾನೂ ನನ್ನಾಕೆಯೂ ಈತನ ಪಾದಗಳನ್ನು ಬೆಳ್ಳಿಯ ತಟ್ಟೆಯಲ್ಲಿಟ್ಟು ತೊಳೆದಿದ್ದೆವು. ವರನು ಸಾಕ್ಷಾತ್ ನಾರಾಯಣನೆಂದು ಪುರೋಹಿತರು ಹೇಳಿಸಿದ್ದರು. ಅಂದಿನಿಂದ ಇಂದಿನವರೆಗೆ ನಾನು ಅವರನ್ನು ಏಕವಚನದಲ್ಲಿ ಕರೆದವನಲ್ಲ. ನಮ್ಮ ಮನೆಗೆ ಬಂದರೆ ಊಟದ ಎಲೆಯನ್ನು ಅವರು ಎತ್ತಿದವರಲ್ಲ. ಅವರು ಈಗ ನನ್ನ ಮಲವನ್ನು ಪೆಟ್ಟಿಗೆಯಲ್ಲಿ ಎಳೆದುಕೊಂಡು, ಎದುರಿಗೆ ಬಂದವರಿಗೆಲ್ಲ ಶುಭೋದಯ ಹೇಳುತ್ತ ಹುಲ್ಲಿನ ಮೇಲೆ ನಡೆದುಹೋದರು. ಕಾಫಿ ಗಂಟಲಲ್ಲಿ ಇಳಿಯಲಿಲ್ಲ.

ಅವರು ಹಿಂದಿರುಗಿದ ಮೇಲೆ, “ಇನ್ನು ಈ ಕೆಲಸ ನನ್ನದು,” ಎಂದೆನು. “ಛೇ, ನೀವು ಮಾಡುವುದುಂಟೇ ಮಾವ?” ಎಂದರು ಅವರು. ಮಗಳೂ ಬೇಡವೆಂದಳು. ನನ್ನಾಕೆ ಬಾಯಿಂದ ಏನನ್ನೂ ಹೇಳಲಿಲ್ಲ; ಆದರೆ ಆ ನೋಟದಲ್ಲಿ ನಮ್ಮ ಎರಡು ಮನೆತನಗಳ ಮೂರು ತಲೆಮಾರಿನ ಹಿರಿಯರು ನಿಂತಿದ್ದರು.

ಆ ನಾಡಿನಲ್ಲಿ ಜೂನ್ ತಿಂಗಳಲ್ಲಿ ಬೆಳಗಿನ ನಾಲ್ಕೂವರೆಗೇ ಬೆಳಕಾಗುತ್ತದೆ. ಐದನೆಯ ದಿನ ಎಲ್ಲರೂ ಮಲಗಿರುವಾಗಲೇ ನಾನು ಸದ್ದಿಲ್ಲದೆ ಎದ್ದು, ಗೂಟದಿಂದ ಬೀಗದ ಕೈಯನ್ನು ತೆಗೆದುಕೊಂಡು ಹೊರಗೆ ಬಂದೆನು. ಮೊದಲು ಬಕೆಟ್ಟನ್ನಿಟ್ಟು ಕೊಳೆನೀರಿನ ಹಿಡಿಯನ್ನು ತಿರುಗಿಸಿದೆನು. ಅಳಿಯಂದಿರು ಅದನ್ನು ಕಾಲುಭಾಗ ಮಾತ್ರ ತಿರುಗಿಸುತ್ತಿದ್ದುದನ್ನು ನಾನು ಗಮನಿಸಿರಲಿಲ್ಲ. ನೀರು ಧುಮುಕಿ ಬಂದಿತು. ಬಕೆಟ್ಟು ಕ್ಷಣದಲ್ಲಿ ತುಂಬಿತು. ಹಿಡಿಯನ್ನು ಯಾವ ಕಡೆಗೆ ತಿರುಗಿಸಿದರೆ ಮುಚ್ಚುವುದೆಂದು ನೆನಪು ಮಾಡಿಕೊಳ್ಳುವಷ್ಟರಲ್ಲಿ ಚಪ್ಪಲಿ, ಕಾಲುಚೀಲ, ಪಂಚೆಯ ಅಂಚು ಎಲ್ಲವೂ ತೊಯ್ದವು. ಹಾಗೆಯೇ ಆರು ಸಲ ಹೊತ್ತೆನು. ಹತ್ತು ಲೀಟರೆಂದರೆ ಹತ್ತು ಕಿಲೋ ಭಾರ. ನಾನು ಬಚ್ಚಲಲ್ಲಿ ಯೋಚನೆ ಮಾಡುತ್ತ ಸುರಿದುಕೊಂಡ ನೀರನ್ನು ನನ್ನ ತೋಳುಗಳು ಅಂದು ಲೆಕ್ಕ ಹಾಕಿದವು.

ಆಮೇಲೆ ಪೆಟ್ಟಿಗೆ. ಅದಕ್ಕೆ ಎರಡು ಗಾಲಿಗಳೂ ಒಂದು ಹಿಡಿಯೂ ಉಂಟು. ಅದನ್ನು ಬರಿದು ಮಾಡುವ ಸ್ಥಳಕ್ಕೆ ಆ ದೇಶದಲ್ಲಿ ‘ಎಲ್ಸಾನ್’ ಎಂದು ಹೇಳುವುದು ವಾಡಿಕೆ. 1924ರಲ್ಲಿ ರಾಸಾಯನಿಕ ಶೌಚಪಾತ್ರೆಗಳನ್ನು ಮಾಡಲು ತೊಡಗಿದ ಕಂಪನಿಯ ಹೆಸರದು; ಎರಡನೆಯ ಮಹಾಯುದ್ಧದಲ್ಲಿ ಲ್ಯಾಂಕಾಸ್ಟರ್ ವಿಮಾನಗಳಲ್ಲಿಯೂ ಅವೇ ಇದ್ದವು. ಪೆಟ್ಟಿಗೆಯ ಕೊಳವೆಯನ್ನು ಹೊರಕ್ಕೆ ತಿರುಗಿಸಿ, ಮುಚ್ಚಳ ಬಿಚ್ಚಿ, ಬಗ್ಗಿಸಿದೆನು. ಬಗ್ಗಿಸುವಾಗ ಹೆಬ್ಬೆರಳಿನಿಂದ ಒಂದು ಗುಂಡಿಯನ್ನು ಒತ್ತಿ ಒಳಗೆ ಗಾಳಿ ಬಿಡಬೇಕು. ಇಲ್ಲದಿದ್ದರೆ ಪೆಟ್ಟಿಗೆ ಗುಟುಕು ಗುಟುಕಾಗಿ ಕಕ್ಕುತ್ತದೆ. ನಾನು ಒತ್ತಲಿಲ್ಲ. ಹೆಚ್ಚಿಗೆ ಹೇಳುವುದಿಲ್ಲ, ಮನೆಯ ಮಕ್ಕಳೂ ಓದುವ ಪತ್ರಿಕೆಯಿದು.

ಇನ್ನು ತೊಳೆಯಬೇಕಷ್ಟೆ. ನಾಲ್ಕು ಮಾರು ದೂರದಲ್ಲಿ ಒಂದು ನಲ್ಲಿಯಿತ್ತು. ಪೆಟ್ಟಿಗೆಯನ್ನು ಅಲ್ಲಿಗೆ ಎಳೆದುಕೊಂಡು ಹೋಗಿ ಅದರ ಬಾಯನ್ನು ನಲ್ಲಿಯ ಕೆಳಗೆ ಹಿಡಿದೆನು. ಹಿಂದಿನಿಂದ, “ಬೇಡ, ಬೇಡ, ದಯವಿಟ್ಟು ಅಲ್ಲಿ ಬೇಡ!” ಎಂಬ ದನಿ ಕೇಳಿಸಿತು. ನನ್ನ ವಯಸ್ಸಿನವರೇ ಒಬ್ಬ ಆಂಗ್ಲ ಗೃಹಸ್ಥರು, ರಾತ್ರಿಯ ಉಡುಪಿನ ಮೇಲೆ ಕೋಟು ಹಾಕಿಕೊಂಡು, ತಮ್ಮ ಪೆಟ್ಟಿಗೆಯನ್ನು ಎಳೆದುಕೊಂಡು ಬರುತ್ತಿದ್ದರು. “ಅದು ಕುಡಿಯುವ ನೀರಿನ ನಲ್ಲಿ. ತೊಳೆಯುವುದಕ್ಕೆ ಅಲ್ಲಿ, ಗೋಡೆಯ ಮೇಲೆ ಬೇರೆ ನಲ್ಲಿಯಿದೆ,” ಎಂದರು. ನೋಡಿದರೆ ಬರೆದೂ ಇತ್ತು. ಮೂವತ್ತು ವರ್ಷ ಇಂಗ್ಲಿಷು ಕಲಿಸಿದವನು ಇಂಗ್ಲಿಷು ಹಲಗೆಯನ್ನು ಓದದೆ ಹೋಗಿದ್ದೆನು!

ನಾನು ನಾಚಿಕೆಯಿಂದ ಕುಗ್ಗಿದೆನು. ಅವರು ಸಿಟ್ಟಾಗಲಿಲ್ಲ. ಜೇಬಿನಿಂದ ಔಷಧ ಬೆರೆಸಿದ ಒಂದು ವಸ್ತ್ರದ ಚೂರನ್ನು ತೆಗೆದು ಆ ನಲ್ಲಿಯ ಮೂತಿಯನ್ನು ಚೆನ್ನಾಗಿ ಒರಸಿದರು; ಬಿಸಾಡಿ, ಇನ್ನೊಂದನ್ನು ತೆಗೆದು ಮತ್ತೆ ಒರಸಿದರು. ನಮ್ಮ ಅಜ್ಜಿ ಮಡಿಯ ಬಿಂದಿಗೆಯನ್ನು ಹುಣಿಸೆಹಣ್ಣು ಹಾಕಿ ಉಜ್ಜುತ್ತಿದ್ದ ಶ್ರದ್ಧೆಯೇ ಅದು. ಆಮೇಲೆ ನನಗೆ ಗುಂಡಿ ಒತ್ತುವುದನ್ನು ತೋರಿಸಿ, ತೊಳೆದ ಮೇಲೆ ಎರಡು ಲೀಟರು ನೀರಿಗೆ ಎಷ್ಟು ಔಷಧ ಹಾಕಬೇಕೆಂದು ಹೇಳಿ, ತಮ್ಮ ಪೆಟ್ಟಿಗೆಯನ್ನು ಸುರಿದು ತೊಳೆದರು. ನಲವತ್ತು ವರ್ಷದಿಂದ ಮಾಡುತ್ತಿದ್ದಾರಂತೆ. ಅವರ ಹೆಂಡತಿ ಒಂದು ದಿನವೂ ಮುಟ್ಟಿಲ್ಲವಂತೆ! ಅವರ ಹಿಂದೆ ಇನ್ನಿಬ್ಬರು ಬಂದು ನಿಂತರು. ಯಾರ ಕಸುಬು ಯಾವುದೋ ತಿಳಿಯದು. ಎಲ್ಲರ ಕೈಯಲ್ಲಿಯೂ ಅದೇ ಪೆಟ್ಟಿಗೆ; ಮಾತೆಲ್ಲ ಮಳೆಯದು. ಆ ದೇಶದಲ್ಲಿ ಎಲ್ಲರೂ ಸಮಾನರೆಂದು ನಾನು ಹೇಳಲಾರೆ. ಎರಡು ತಿಂಗಳು ಇದ್ದವನಿಗೆ ಅಷ್ಟು ಹೇಳುವ ಅಧಿಕಾರವಿಲ್ಲ. ನಾನು ಕಂಡುದಿಷ್ಟು: ಎರಡು ನಲ್ಲಿಗಳನ್ನು ಒಂದಕ್ಕೊಂದು ಸೋಕದಂತೆ ದೂರವಿಟ್ಟಿದ್ದರು, ಅಷ್ಟೆ, ಪೆಟ್ಟಿಗೆ ಹಿಡಿದವನನ್ನು ಯಾರೂ ದೂರವಿಡಲಿಲ್ಲ. ಕೈ ತೊಳೆದುಕೊಂಡೊಡನೆ ಆ ಗೃಹಸ್ಥರು ನನ್ನ ಕೈ ಕುಲುಕಿ ಹೋದರು.

ನಮ್ಮ ಬಾಲ್ಯದ ಮನೆಗೆ ಹಿತ್ತಲಿನಾಚೆ ಒಂದು ಸಂದಿಯಿತ್ತು. ಕಕ್ಕಸಿನ ಹಿಂಗೋಡೆಯಲ್ಲಿ, ಆ ಸಂದಿಯ ಕಡೆಗೆ, ಮೊಳದೆತ್ತರದ ಒಂದು ತಗಡಿನ ಬಾಗಿಲು. ದಿನವೂ ಬೆಳಗ್ಗೆ ಜಾಡಮಾಲಿ ಹೆಂಗಸೊಬ್ಬಳು ಬಂದು, ಆ ಬಾಗಿಲನ್ನೆತ್ತಿ, ತಗಡಿನ ಚೂರಿನಿಂದ ಬಳಿದು, ಬಕೆಟ್ಟಿಗೆ ತುಂಬಿ, ತಲೆಯ ಮೇಲೆ ಹೊತ್ತುಕೊಂಡು ಹೋಗುತ್ತಿದ್ದಳು. ಅವಳ ಬಳೆಯ ಸದ್ದು ಕೇಳಿಸಿದರೆ ನಾವು ಮೂಗು ಮುಚ್ಚಿಕೊಂಡು ಒಳಗೆ ಓಡುತ್ತಿದ್ದೆವು. ಹಬ್ಬದ ಮರುದಿನ ಅಜ್ಜಿ ಉಳಿದ ಅನ್ನವನ್ನು ಗೋಡೆಯ ಮೇಲಿನಿಂದ ಅವಳ ಸೆರಗಿಗೆ ಹಾಕುತ್ತಿದ್ದರು. ಹಿತ್ತಲಿನಲ್ಲಿ ಬಾವಿಯಿತ್ತು, ಆಕೆ ಕೈ ತೊಳೆದುಕೊಂಡುದನ್ನು ನಾನು ಕಂಡಿಲ್ಲ. ಎಲ್ಲಿ ತೊಳೆಯುತ್ತಿದ್ದಳೋ! 1970ರ ದಶಕದ ಮೊದಲ ವರ್ಷಗಳಲ್ಲಿ, ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಮ್ಮ ರಾಜ್ಯದಲ್ಲಿ ನಿಷೇಧಿಸಿದರು. ಆಗ ನಾನು ಕಾಲೇಜಿನಲ್ಲಿದ್ದೆ. ಆ ಸುದ್ದಿ ನನಗೆ ಸಂಬಂಧಪಟ್ಟದ್ದೆಂದು ತೋರಲಿಲ್ಲ. ಆಮೇಲೆ ಕೇಂದ್ರದಿಂದ 1993ರಲ್ಲೊಂದು, 2013ರಲ್ಲಿ ಇನ್ನೂ ವ್ಯಾಪಕವಾದದ್ದೊಂದು ಶಾಸನವಾಯಿತು. ಹಾಗಿದ್ದರೂ ಗುಂಡಿಗಿಳಿದು ಉಸಿರುಕಟ್ಟಿ ಸತ್ತವರ ಸುದ್ದಿಯನ್ನು ನಾವು ಇಂದಿಗೂ ಬೆಳಗಿನ ಕಾಫಿಯ ಜೊತೆಯಲ್ಲಿ ಓದುತ್ತಿದ್ದೇವೆ.

ಪೆಟ್ಟಿಗೆಯನ್ನು ಎಳೆದುಕೊಂಡು ಹಿಂದಿರುಗುವಾಗ ನನಗೆ ಆ ಹೆಂಗಸಿನ ಹೆಸರು ಬೇಕಾಯಿತು. ಎಷ್ಟು ತಡಕಿದರೂ ಸಿಕ್ಕಲಿಲ್ಲ.

ಗಾಡಿಯ ಬಾಗಿಲಲ್ಲಿ ಅಳಿಯಂದಿರು ನಿಂತಿದ್ದರು. ತೊಯ್ದ ಪಂಚೆಯನ್ನೂ ಪೆಟ್ಟಿಗೆಯನ್ನೂ ನೋಡಿ ಎಲ್ಲವನ್ನೂ ತಿಳಿದುಕೊಂಡರು. “ನನ್ನನ್ನು ಎಬ್ಬಿಸಬಾರದಾಗಿತ್ತೇ ಮಾವ?” ಎಂದರು. ದನಿಯಲ್ಲಿ ನಗುವಿರಲಿಲ್ಲ; ನೋವಿತ್ತು. ಹಿರಿಯರಿಗೆ ಮಾಡುವ ಸೇವೆಯೆಂದು ಅವರು ಅದನ್ನು ಮಾಡುತ್ತಿದ್ದರು. ನಾನು ಅದನ್ನು ಅವರಿಂದ ಕಿತ್ತುಕೊಂಡಂತಾಗಿತ್ತು. ಇದನ್ನು ನಾನು ಯೋಚಿಸಿರಲಿಲ್ಲ. “ನಾಳೆ ಇಬ್ಬರೂ ಹೋಗೋಣ,” ಎಂದೆನು. ನನ್ನಾಕೆ ಒಳಗಿನಿಂದಲೇ, “ಸ್ನಾನವಾಗದೆ ಒಳಗೆ ಬರಬೇಡಿ,” ಎಂದಳು. “ಬಕೆಟ್ಟು ಹೊರುವವನಿಗೆ ಗೊತ್ತು, ಅರ್ಧ ಬಕೆಟ್ಟಿನ ಮೇಲೆ ಒಂದು ಚೊಂಬೂ ಸುರಿದುಕೊಳ್ಳುವುದಿಲ್ಲ,” ಎಂದು ಹೇಳಿ ಸ್ನಾನದ ಗೂಡಿಗೆ ಹೋದೆನು. ಅರ್ಧ ಬಕೆಟ್ಟು ಸಾಕಾಯಿತು.

ಅಂದು ಮಧ್ಯಾಹ್ನ ಊರಿನಲ್ಲಿರುವ ಅಕ್ಕನಿಗೆ ಫೋನು ಮಾಡಿದೆನು. ಅವಳಿಗೆ ಎಂಬತ್ತು ವರ್ಷ; ಹಳೆಯದೆಲ್ಲ ಚೆನ್ನಾಗಿ ನೆನಪಿದೆ. ಕುಶಲ ಪ್ರಶ್ನೆಗಳಾದ ಮೇಲೆ, “ಅಕ್ಕ, ನಮ್ಮ ಹಿತ್ತಲ ಸಂದಿಗೆ ಬರುತ್ತಿದ್ದವಳ ಹೆಸರೇನು?” ಎಂದು ಕೇಳಿದೆನು.

“ಇದೇನೋ, ಸೀಮೆಗೆ ಹೋಗಿ ಅದನ್ನು ಕೇಳುತ್ತೀಯೆ!” ಎಂದಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಅವಳನ್ನು ಯಾರು ಹೆಸರು ಹಿಡಿದು ಕರೆಯುತ್ತಿದ್ದರು ಕಣೋ? ‘ಬಂದಳು, ಬಾಗಿಲು ಹಾಕಿ’ ಎನ್ನುತ್ತಿದ್ದರಷ್ಟೆ. ಒಂದು ಸಲ ಜೊತೆಯಲ್ಲಿ ಒಂದು ಸಣ್ಣ ಹುಡುಗಿಯನ್ನು ಕರೆದುಕೊಂಡು ಬಂದಿದ್ದಳು. ನನ್ನಷ್ಟೇ ಎತ್ತರ ಇದ್ದಳು ಆ ಹುಡುಗಿ.”

ಆ ಹುಡುಗಿಯ ಹೆಸರೂ ಅಕ್ಕನಿಗೆ ತಿಳಿಯದು.

ಏಳನೆಯ ದಿನ ಚಪ್ಪರ ಬಿಚ್ಚಿ, ತಂತಿ ಸುತ್ತಿ, ಗಾಡಿಯನ್ನು ಜಾಲರಿಯ ಮೇಲೆ ನಿಲ್ಲಿಸಿದೆವು. ಬಾಡಿಗೆಯ ಗಾಡಿಯನ್ನು ಎಲ್ಲ ತೊಟ್ಟಿಗಳನ್ನೂ ಬರಿದು ಮಾಡಿಯೇ ಒಪ್ಪಿಸಬೇಕೆಂದು ಕರಾರು. ಅಳಿಯಂದಿರು ಪೆಟ್ಟಿಗೆಯನ್ನು ತೆಗೆದುಕೊಂಡರು. ನಾನು ಬಗ್ಗಿ ಹಿಡಿಯನ್ನು ಕಾಲುಭಾಗ ತಿರುಗಿಸಿದೆನು. ವಾರದ ಕೊನೆಯ ನೀರು ಹೆಚ್ಚು ವಾಸನೆಯಿಲ್ಲದೆ ಇಳಿದುಹೋಯಿತು. ಮೊಮ್ಮಗಳು ನನ್ನ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು, ಇದು ಎಲ್ಲಿಗೆ ಹೋಗುತ್ತದೆಂದು ಕೇಳಿದಳು. ಮೋರಿಯಿಂದ ಒಳಚರಂಡಿಗೆ, ಅಲ್ಲಿಂದ ಕೊಳೆನೀರು ಶುದ್ಧಮಾಡುವ ಕಾರ್ಖಾನೆಗೆ ಎಂದೆನು. ಅಲ್ಲಿ ಯಾರಿರುತ್ತಾರೆ ಎಂದು ಕೇಳಿದಳು. ಹಿಡಿಯನ್ನು ಮುಚ್ಚಿ, ಮುಚ್ಚಿದೆಯೇ ಎಂದು ಇನ್ನೊಮ್ಮೆ ನೋಡಿ, ಅವಳನ್ನು ಕರೆದುಕೊಂಡು ಕೈ ತೊಳೆಯಲು ಗೋಡೆಯ ನಲ್ಲಿಯ ಕಡೆಗೆ ಹೋದೆನು.